ಬೇಚರಾಕ್ ಊರಿನ ನಕ್ಷೆ

ನಮ್ಮ ಮನೆಯಲ್ಲಿ ಬೇಚರಾಕ್ ಅನ್ನುವುದು ಒಂದು ಬೈಗುಳ. ಅಪ್ಪನ ತಾಯಿ, ನಮ್ಮಜ್ಜಿ, ಅದನ್ನು ಅವ್ವನಿಗೆಂದೇ ಎತ್ತಿಟ್ಟಿದ್ದಳು. ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ "ಬೇಚರಾಕ್‌ನಿಂದ ಬಂದೋಳ್ಗೆ ಸಾರು ಮಾಡಾದ್ ಯಾರು ಕಲ್ಸವ್ರೆ" ಅನ್ನುತ್ತಿದ್ದಳು. ಎಮ್ಮೆ ಒದ್ದು ಹಾಲು ಚೆಲ್ಲಿದರೂ "ಬೇಚರಾಕ್ ಕೈ ಇಕ್ಕಿದ್ರೆ ಇನ್ನೇನಾದದು" ಎಂಬ ಮಾತು ಬರುತ್ತಿತ್ತು. ನಮ್ಮ ಸೀಮೆಯಲ್ಲಿ ಬೇ ಎಂದು ಶುರುವಾಗುವ ಎಷ್ಟೋ ಮಾತುಗಳು ಬೈಗುಳಗಳೇ. ಬೇಕೂಫ, ಬೇವಾರ್ಸಿ, ಬೇಜವಾಬ್ದಾರಿ, ಇದೂ ಅದೇ ಸಾಲಿನದು ಅಂದುಕೊಂಡು ನಾನು ಬೆಳೆದೆ. ಅವ್ವ ಒಂದು ದಿನವೂ ಎದುರಾಡಲಿಲ್ಲ. ಎದುರಾಡಬೇಕಾದರೆ ಅವಳಿಗಾದರೂ ಅದರ ಅರ್ಥ ಗೊತ್ತಿರಬೇಕಿತ್ತು.

ಅರ್ಥ ತಿಳಿದದ್ದು ನಾನು ಕೆಲಸದಿಂದ ನಿವೃತ್ತಳಾದ ಮೇಲೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಭೂಪಟದ ಮೇಲೆ ಕೋಲಿಟ್ಟು ನೈಲ್ ನದಿ ಎಲ್ಲಿದೆ, ಆಂಡೀಸ್ ಪರ್ವತ ಎಲ್ಲಿದೆ ಎಂದು ಒಂದು ಆಯುಷ್ಯವೇ ತೋರಿಸಿದ್ದಾಯಿತು. ನಮ್ಮೂರಿನ ಕೆರೆ ಏರಿಯನ್ನು ಒಂದು ಕಾಗದದ ಮೇಲೂ ನಾನು ನೋಡಿರಲಿಲ್ಲ. ಅಪ್ಪ ತೀರಿಕೊಂಡು, ಅವ್ವ ನನ್ನ ಜೊತೆ ಮಾಗಡಿಯಲ್ಲಿರಲು ಬಂದ ಮೇಲೆ, ಮಧ್ಯಾಹ್ನಗಳು ಉದ್ದವಾದವು. ಟೀವಿ ಧಾರಾವಾಹಿಯ ಸೊಸೆಯರನ್ನು ನೋಡಿ ಅಳುವ ಜಾಯಮಾನ ನನ್ನದಲ್ಲ. ಸರ್ವೆ ಕಚೇರಿಯಲ್ಲಿ ಹಳೇ ಗ್ರಾಮ ನಕ್ಷೆಗಳ ನಕಲು ಸಿಗುತ್ತದೆ ಎಂದು ಯಾರೋ ಹೇಳಿದರು. ಹೋಗಿ ಕೇಳಿದೆ. ಸಿಕ್ಕಿದವು.

ಆಮೇಲೆ ಅದೊಂದು ಗೀಳಾಯಿತು. ನಕ್ಷೆಯನ್ನು ತೆಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಎತ್ತಿಕೊಳ್ಳುವುದು, ಅದನ್ನು ಸುರುಳಿ ಸುತ್ತಿ ಬಸ್ಸು ಹತ್ತುವುದು, ಆ ಊರಿನಲ್ಲಿ ಇಳಿದು ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಮೊಬೈಲಿನ ನಕ್ಷೆ ಹಿಡಿದು ನಡೆಯುವುದು. ಕುದೂರಿನ ಕಡೆಯ ಒಬ್ಬ ಕಂಡಕ್ಟರ್ ನಾನು ಕ್ಯಾಲೆಂಡರ್ ಮಾರುವವಳು ಎಂದೇ ನಂಬಿದ್ದ. ಯುಗಾದಿ ಹತ್ತಿರ ಬಂದಾಗ "ಮೇಡಂ, ಒಂದು ಕೊಡಿ, ಹೊಸ ವರ್ಷಕ್ಕೆ" ಎಂದು ಕೇಳಿದ್ದ.

ನಡೆದು ನಡೆದು ಒಂದು ವಿಷಯ ಕಲಿತೆ. ದಾರಿ ಸುಮ್ಮನೆ ಸೊಟ್ಟಗಾಗುವುದಿಲ್ಲ. ಬಯಲಿನಲ್ಲಿ ನೇರ ಹೋಗುತ್ತಿರುವ ಬಂಡಿದಾರಿ ಇದ್ದಕ್ಕಿದ್ದಂತೆ ಒಂದು ಕಡೆ ಬಾಗಿದರೆ ಅಲ್ಲಿ ಒಂದು ಬಾವಿಯೋ, ಅರಳಿಕಟ್ಟೆಯೋ, ಒಂದು ಕಾಲದ ಅರವಟ್ಟಿಗೆಯೋ ಇದ್ದಿರಲೇಬೇಕು. ಬಾವಿ ಮುಚ್ಚಿ ಅದರ ಮೇಲೆ ತೆಂಗು ಬೆಳೆದಿರುತ್ತದೆ, ದಾರಿ ಮಾತ್ರ ಇನ್ನೂ ಅದಕ್ಕೆ ಸುತ್ತು ಹಾಕಿಕೊಂಡೇ ಹೋಗುತ್ತಿರುತ್ತದೆ. ಊರ ಮುಂದಿನ ಗುಂಡುತೋಪುಗಳನ್ನು ಹುಡುಕಿ ಹೋದರೆ ಎರಡು ಕಡೆ ಪೆಟ್ರೋಲ್ ಬಂಕು, ಒಂದು ಕಡೆ ಕಲ್ಯಾಣ ಮಂಟಪ. ಮಾವಿನ ಮರದ ಬುಡ ಮಾತ್ರ ಪಾರ್ಕಿಂಗಿನ ಮೂಲೆಯಲ್ಲಿತ್ತು. ಅದನ್ನು ಕೂರುವುದಕ್ಕೆ ಬಳಸುತ್ತಿದ್ದರು.

ಹೀಗೆ ಸುತ್ತುತ್ತಾ ಕೊನೆಗೆ ಅವ್ವನ ತವರಿನ ನಕ್ಷೆಗೆ ಬಂದೆ. ಮೊದಲೇ ಅಲ್ಲಿಗೆ ಹೋಗಬೇಕಿತ್ತು, ಆದರೆ ಮನೆಯ ಹಿತ್ತಲಿಗೆ ಯಾರು ಯಾತ್ರೆ ಹೋಗುತ್ತಾರೆ.

ಅವ್ವನ ತವರನ್ನು ನಾವು ಪಾಳ್ಯ ಎಂದಷ್ಟೇ ಕರೆಯುವುದು. ಸೋಲೂರಿನಿಂದ ಮಾಗಡಿಗೆ ಬರುವ ದಾರಿಯಲ್ಲಿ ಎಡಕ್ಕೆ ಒಂದಿಷ್ಟು ನಡೆದರೆ ಸಿಗುವ ಏಳೆಂಟು ಮನೆ. ಪಕ್ಕದಲ್ಲೇ ಅಪ್ಪನ ಊರು, ಅದು ದೊಡ್ಡೂರು. ಅಲ್ಲಿ ನಮ್ಮದು ಪಟೇಲರ ಮನೆತನ. ಪಾಳ್ಯದ ಹೆಣ್ಣು ಪಟೇಲರ ಮನೆಗೆ ಸೊಸೆಯಾಗಿ ಬಂದದ್ದು ಆ ಕಾಲಕ್ಕೆ ದೊಡ್ಡ ಸುದ್ದಿಯಂತೆ. ಪಾಳ್ಯದಲ್ಲಿ ಈಗಲೂ ಅವ್ವನ ತಮ್ಮ, ನನ್ನ ಸೋದರಮಾವ, ತನ್ನ ಮಕ್ಕಳು ಮೊಮ್ಮಕ್ಕಳ ಜೊತೆ ಇದ್ದ. ಎಂಟು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದ.

ನಕ್ಷೆಯಲ್ಲಿ ಪಾಳ್ಯ ಇರಲಿಲ್ಲ. ಹೆಸರಿತ್ತು, ಮನೆಗಳಿರಲಿಲ್ಲ. ಹೆಸರಿನ ಕೆಳಗೆ, ಶಾಯಿಯ ಕೈಬರಹದಲ್ಲಿ, ಅಜ್ಜಿಯ ಬೈಗುಳ ಇತ್ತು. ಬೇಚರಾಕ್.

ಆದರೆ ಐದು ಕಾಲುದಾರಿಗಳು ಐದು ದಿಕ್ಕಿನಿಂದ ಬಂದು ಆ ಖಾಲಿ ಜಾಗದಲ್ಲಿ ಕೂಡುತ್ತಿದ್ದವು. ಖಾಲಿ ಜಾಗಕ್ಕೆ ಐದು ದಿಕ್ಕಿನಿಂದ ಯಾರು ನಡೆದು ಬರುತ್ತಾರೆ? ಕಾಲುದಾರಿ ಕಾಲಿಲ್ಲದೆ ಬೀಳುತ್ತದೆಯೇ? ನಕ್ಷೆ ಬರೆದವನು ಮನೆಗಳನ್ನು ಬಿಟ್ಟಿದ್ದ, ದಾರಿಗಳನ್ನು ಬಿಡಲು ಮರೆತಿದ್ದ.

ಚನ್ನಪಟ್ಟಣದಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಉರ್ದು ಮೇಡಂಗೆ ಫೋನು ಮಾಡಿ ಆ ಶಬ್ದ ಕೇಳಿದೆ. ಅವರು ನಕ್ಕುಬಿಟ್ಟರು. "ಅದು ಬೇಚಿರಾಗ್ ಕಣ್ರೀ. ಬೇ ಅಂದ್ರೆ ಇಲ್ಲ, ಚಿರಾಗ್ ಅಂದ್ರೆ ದೀಪ. ದೀಪ ಹಚ್ಚೋರು ಇಲ್ಲದ ಊರು. ಜನ ಬಿಟ್ಟು ಹೋದ ಊರಿಗೆ ಕಂದಾಯದವರು ಬರೀತಿದ್ದ ಮಾತು" ಅಂದರು.

ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಹೇಳಿದೆ. ಕೈ ನಿಂತಿತು.

"ದೀಪ ಇಲ್ದೂರಾ?" ಅಂದಳು. "ನಾನು ಲಂಗ ಕಟ್ಟೋ ವಯಸ್ನಿಂದ ಅಲ್ಲಿ ಸಂಜೆ ದೀಪ ಹಚ್ಚೋಳು ನಾನೆ ಕಣೆ. ಲಾಟೀನು ಗಾಜು ಒರಸ್ದೆ ಹಚ್ಚಿದ್ರೆ ನಮ್ಮಪ್ಪ ಬಯ್ಯೋನು." ಕೈಯಲ್ಲಿದ್ದ ಕಾಯನ್ನು ಸುಲಿಯದೆ ಮೊರಕ್ಕೆ ಹಾಕಿ, "ಇಷ್ಟು ವರ್ಸ ನಿಮ್ಮಜ್ಜಿ ನನ್ನ ಅಂಗಂದ್ಲಾ? ಯಾಕಂಗ್ ಬರದ್ರು ಅಂತ ತಿಳ್ಕೊಂಡ್ ಬಾ. ನಂಗ್ ಬೇಕು ಅದು" ಅಂದಳು.

ಅವ್ವ ನನ್ನಲ್ಲಿ ಬೇಕು ಎಂದು ಏನನ್ನೂ ಕೇಳಿದವಳಲ್ಲ.

ಅದೇ ಹೊತ್ತಿಗೆ ಪಾಳ್ಯಕ್ಕೆ ಕಷ್ಟ ಬಂದಿತ್ತು. ದಾಖಲೆಯಲ್ಲಿ ಅದು ಜನವಿಲ್ಲದ ಊರು, ಅಲ್ಲಿಯ ಜಮೀನೆಲ್ಲ ಪಟೇಲರ ವಂಶದವರ ಹೆಸರಿನಲ್ಲಿತ್ತು. ಅಂದರೆ ನನ್ನ ದೊಡ್ಡಪ್ಪನ ಮಗನ ಹೆಸರಿನಲ್ಲಿ. ಪಾಳ್ಯದವರು ತಲೆತಲಾಂತರದಿಂದ ಅಲ್ಲೇ ಮನೆ ಕಟ್ಟಿಕೊಂಡು, ಅಲ್ಲೇ ಉತ್ತು ಬಿತ್ತುತ್ತಿದ್ದರು. ಯಾರೂ ಯಾರನ್ನೂ ಕೇಳುವ ಅಗತ್ಯ ಬಿದ್ದಿರಲಿಲ್ಲ. ಈಗ ದೊಡ್ಡಪ್ಪನ ಮಗ ಅಲ್ಲಿ ಲೇಔಟ್ ಮಾಡಲು ಒಪ್ಪಂದ ಮಾಡಿಕೊಂಡಿದ್ದ. ಮನೆಗಳನ್ನು ತೆಗೆಯಿರಿ ಎಂದು ಹೇಳಿಕಳಿಸಿದ್ದ. ಲೇಔಟಿನ ಜಾಹೀರಾತಿನಲ್ಲಿ ಬಿಡದಿಯ ಫ್ಯಾಕ್ಟರಿಗಳಿಗೆ ತುಂಬಾ ಹತ್ತಿರ ಎಂದು ಬರೆದಿತ್ತು. ಕಾಗೆ ಹಾರಿ ಹೋದರೂ ನಡುವೆ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾದ ದೂರ ಅದು.

ಉಳಿದಿದ್ದ ದಾರಿ ಒಂದೇ. ದಾಖಲೆಯಲ್ಲಿಲ್ಲದ ಹಟ್ಟಿ, ಪಾಳ್ಯಗಳಲ್ಲಿ ಜನ ಬಹಳ ಕಾಲದಿಂದ ಇದ್ದರೆ ಅವನ್ನು ಊರೆಂದು ಬರೆದುಕೊಂಡು ಮನೆಗಳಿಗೆ ಹಕ್ಕುಪತ್ರ ಕೊಡುವ ಕೆಲಸ ನಡೆಯುತ್ತಿತ್ತು. ಮಾವ ಅರ್ಜಿ ಹಾಕಿದ. ವಿಚಾರಣೆಗೆ ದಿನ ಗೊತ್ತಾಯಿತು. ಜನ ಇದ್ದರು ಎಂದು ತೋರಿಸಿಬಿಟ್ಟರೆ ಮನೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಬೇಚರಾಕ್ ಎಂದು ಯಾಕೆ ಬರೆದರು ಎಂದು ಮಾವನನ್ನು ಕೇಳಿದೆ. ಅವನ ಹತ್ತಿರ ಉತ್ತರ ಸಿದ್ಧವಾಗಿಯೇ ಇತ್ತು, ಅದೂ ಬಹಳ ಚಂದದ ಉತ್ತರ.

"ಅದು ಹೊರಬೀಡಿನ ದಿನ ಕಣ್ ಮಗಾ" ಅಂದ. ಊರಿಗೆ ರೋಗ ರುಜಿನ ಬಂದರೆ ಒಂದು ದಿನ ಊರಿಗೂರೇ ಮನೆ ಬಿಟ್ಟು ಹೊರಗೆ ತೋಪಿನಲ್ಲಿರುವ ಪದ್ಧತಿ ಅದು. ಸೂರ್ಯ ಹುಟ್ಟುವ ಮೊದಲೇ ದನ, ಕೋಳಿ, ಬಾಣಂತಿ, ಮುದುಕರು ಎಲ್ಲ ಹೊರಗೆ. ಒಲೆಯ ಕೆಂಡಕ್ಕೆ ನೀರು, ದೀಪಕ್ಕೆ ಊದು, ಊರಬಾಗಿಲಿಗೆ ಮುಳ್ಳು. ಸಂಜೆ ಬಂದು ಹೊಸ ಬೆಂಕಿ ಹೊತ್ತಿಸುವತನಕ ಒಳಗೆ ನರಪಿಳ್ಳೆ ಇರಬಾರದು. "ಅವತ್ತೇ ಸರ್ವೆ ಸಾಹೇಬ ಕುದ್ರೆ ಮ್ಯಾಲ್ ಬಂದ್ಬುಟ್ಟವ್ನೆ. ನೋಡ್ತಾನೆ, ಒಂದ್ ಬೀದೀಲೂ ಬೆಂಕಿಲ್ಲ, ಹೊಗೆ ಇಲ್ಲ, ನಾಯಿ ಸೈತ ಇಲ್ಲ. ಬೇಚರಾಕ್ ಅಂತ ಬರ್ಕೊಂಡು ಹೊಂಟೋದ. ಪಾಪ, ಅವನದೇನ್ ತಪ್ಪು." ಮಾವ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನ ಅಪ್ಪನೂ ಅವನಿಗೆ ಹೀಗೇ ನಗುತ್ತಾ ಹೇಳಿದ್ದನಂತೆ.

ಅವ್ವನಿಗೆ ಬಂದು ಹೇಳಿದಾಗ ಅವಳು ನಗಲಿಲ್ಲ. ನನಗೂ ಒಳಗೊಳಗೇ ಕಿರಿಕಿರಿ. ಸರ್ವೆ ಎಂದರೆ ಒಂದು ದಿನ ಕುದುರೆಯ ಮೇಲೆ ಬಂದು ನೋಡಿ ಹೋಗುವ ಕೆಲಸವಲ್ಲ. ಸರಪಳಿ ಎಳೆದು, ಕಲ್ಲು ನೆಟ್ಟು, ಹೊಲ ಹೊಲ ಸುತ್ತಿ ಅಳೆಯಬೇಕು. ಅಷ್ಟು ದಿನ ಅವರಿಗೆ ಮಜ್ಜಿಗೆ ಕೊಟ್ಟವರು ಯಾರು? ನಮ್ಮ ಜನಕ್ಕೆ ಇದೊಂದು ರೋಗ. ಯಾರೋ ಬಂದು ಕೊರಳು ಕೊಯ್ದರೂ "ಪಾಪ, ಕತ್ತಲಲ್ಲಿ ಕಾಣಲಿಲ್ಲವೇನೋ" ಎನ್ನುತ್ತಾರೆ.

ಇದಕ್ಕಿಂತ ಹಿಂದಿನ ನಕ್ಷೆ ಇದ್ದೇ ಇರಬೇಕು ಎಂದು ಸರ್ವೆ ಕಚೇರಿಗೆ ಓಡಾಡಿದೆ. ಇಲ್ಲ ಅಂದರು, ಹರಿದಿದೆ ಅಂದರು, ಕೊನೆಗೆ ನನ್ನ ಕಾಟ ತಾಳಲಾರದೆ ಹುಡುಕಿದರು. ಅಂಚೆಲ್ಲ ಗೆದ್ದಲು ತಿಂದಿದ್ದ ಹಾಳೆ. ನಕಲಿನಲ್ಲಿ ಗೆದ್ದಲಿನ ದಾರಿಗಳೂ ಕಪ್ಪಗೆ ಮೂಡಿ, ಯಾವುದು ಹಳ್ಳ ಯಾವುದು ಗೆದ್ದಲು ಎಂದು ಬೇರೆ ಮಾಡಲು ಒಂದು ಸಂಜೆ ಹಿಡಿಯಿತು. ಆದರೆ ನಡುಮಧ್ಯೆ ಪಾಳ್ಯ ಇತ್ತು. ಪುಟ್ಟ ಪುಟ್ಟ ಚೌಕಗಳಾಗಿ ಮನೆಗಳು. ಬಾವಿ. ಒಂದು ಗುಡಿ. ಐದು ದಾರಿಗಳೂ ಬಂದು ಆ ಮನೆಗಳ ನಡುವೆ ಕೂಡುತ್ತಿದ್ದವು. ಅವ್ವನಿಗೆ ತೋರಿಸಿದೆ. ಓದು ಬರದ ಅವಳು ಆ ಚೌಕಗಳ ಮೇಲೆ ಬೆರಳಿಟ್ಟು "ಇದು ನಮ್ಮದು, ಬಾವಿ ಪಕ್ಕದ್ದು" ಅಂದಳು.

ಆಮೇಲೆ ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟೆ. ಎರಡರ ಮೂಲೆಯಲ್ಲೂ ಗಡಿ ತೋರಿಸಿಕೊಟ್ಟವರ ಹೆಸರಿತ್ತು. ಹಳೆಯದರಲ್ಲಿ ಪಾಳ್ಯದ ಯಜಮಾನನ ಹೆಸರು, ಅದು ಅವ್ವನ ವಂಶದವರದು. ಹೊಸದರಲ್ಲಿ, ಮನೆಗಳಿಲ್ಲದ್ದರಲ್ಲಿ, ದೊಡ್ಡೂರಿನ ಪಟೇಲರ ಹೆಸರು. ಅವರು ನನ್ನ ಮುತ್ತಾತ. ನಮ್ಮ ಹಜಾರದಲ್ಲಿ ರುಮಾಲು ಸುತ್ತಿಕೊಂಡು ಫೋಟೋದಲ್ಲಿ ಕೂತಿದ್ದಾರಲ್ಲ, ಪಿತೃಪಕ್ಷಕ್ಕೆ ಮೊದಲ ಎಡೆ ತಿನ್ನುತ್ತಾರಲ್ಲ, ಅವರೇ. ಊರು ಪಾಳುಬಿದ್ದಿದೆ ಎಂದು ತೋರಿಸಿಕೊಟ್ಟವರು ಅವರು, ಪಾಳುಬಿದ್ದ ಊರಿನ ಜಮೀನು ಬರೆಸಿಕೊಂಡವರೂ ಅವರೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದ ಮೇಲೆ, ಎರಡು ತಲೆಮಾರು ಕಳೆದು, ಅದೇ ಊರಿನಿಂದ ಹೆಣ್ಣು ತಂದು, ದೀಪವಿಲ್ಲದವಳು ಎಂದು ಹಂಗಿಸಿದ ಮನೆ ನಮ್ಮದು. ಆ ಮನೆಯ ಅನ್ನ ತಿಂದು ಬೆಳೆದವಳು ನಾನು ಎಂದು ಹೇಸಿಗೆಯಾಯಿತು.

ನಕ್ಷೆ ತೆಗೆದುಕೊಂಡು ಮಾವನ ಹತ್ತಿರ ಹೋದೆ. ಮನೆ ಉಳಿಯಿತು ಮಾವ ಅಂದೆ. ಅವನು ಎಲ್ಲ ಕೇಳಿ, ಮೂಲೆಯ ಹೆಸರನ್ನು ಎರಡು ಸಲ ಓದಿಸಿ, ಹಸುವಿಗೆ ಹುಲ್ಲು ಹಾಕಲು ಎದ್ದು ಹೋದ. ತಿರುಗಿ ಬಂದವನು "ಇದ್ನ ಮಡಚಿ ಇಟ್ಬುಡು ಮಗಾ" ಅಂದ.

"ಯಾಕೆ?"

"ನಮ್ಮಕ್ಕನ್ನ ಕೊಟ್ಟ ಮನೆ ಕಣವ್ವ ಅದು. ಊರವ್ರೆಲ್ಲಾ ಕೂತಿರೋ ಜಾಗ್ದಲ್ಲಿ, ಬೀಗರ ಮುತ್ತಾತ ಕಳ್ಳ ಅಂತ ನಾನ್ ಯೇಳಾದಾ? ನಾಳೆ ನಮ್ಮಕ್ಕನ್ ಮಾನ ಏನಾದದು?"

"ಮನೆ ಹೋದರೆ ನಿನ್ನ ಮಾನ ಏನಾಗುತ್ತೆ ಮಾವ?" ಎಂದು ರೇಗಿದೆ. ಅವನು ಕಾಫಿ ಕುಡಿ ಅಂದ. ನಮ್ಮ ಕಡೆ ಮಾತು ಮುಗಿಯಿತು ಅನ್ನುವುದಕ್ಕೆ ಇದೊಂದು ರೀತಿ.

ವಿಚಾರಣೆಯ ದಿನ ಕೋಣೆ ತುಂಬಿತ್ತು. ಒಂದು ಕಡೆ ಪಾಳ್ಯದವರು, ಇನ್ನೊಂದು ಕಡೆ ದೊಡ್ಡೂರಿನವರು, ಮುಂದೆ ಇಸ್ತ್ರಿ ಬಟ್ಟೆಯಲ್ಲಿ ನನ್ನ ದೊಡ್ಡಪ್ಪನ ಮಗ. ನನ್ನನ್ನು ನೋಡಿ "ಏನಕ್ಕಾ, ನೀನೂ ಬಂದ್ಬುಟ್ಟೆ? ರಿಟೈರ್ ಆದ್ಮೇಲೂ ಪಾಠ ಬುಡಕ್ಕಿಲ್ವಾ" ಎಂದು ನಕ್ಕ. ಅಧಿಕಾರಿ ಒಳ್ಳೆಯವರಂತೆ ಕಂಡರು, ಬೇಗ ಮುಗಿಸಬೇಕಾದ ಆತುರದಲ್ಲಿದ್ದ ಒಳ್ಳೆಯವರು. ಜನ ಇದ್ದರು ಅನ್ನುವುದಾದರೆ ಬೇಚರಾಕ್ ಎಂದು ಯಾಕೆ ಬರೆದರು ಎಂದು ಮಾವನನ್ನೇ ಕೇಳಿದರು.

ಮಾವ ಎದ್ದು ನಿಂತು ಹೊರಬೀಡಿನ ಕಥೆ ಹೇಳಿದ. ಎಷ್ಟು ಚೆನ್ನಾಗಿ ಹೇಳಿದ ಅಂದರೆ ಕುದುರೆಯ ಹೆಜ್ಜೆಯ ಸದ್ದನ್ನೂ ಬಾಯಲ್ಲಿ ಮಾಡಿದ. ಎರಡೂ ಊರಿನವರು ನಕ್ಕರು, ಅಧಿಕಾರಿಯೂ ನಕ್ಕರು. "ಕಥೆ ಚೆನ್ನಾಗಿದೆ ಯಜಮಾನ್ರೇ. ಹಳೇ ನಕ್ಷೆ ಏನಾದರೂ ಇದೆಯಾ?" ಅಂದರು.

ನನಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ಹೋಗಿ ಗೆದ್ದಲು ತಿಂದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದೆ. ಅಧಿಕಾರಿ ಕನ್ನಡಕ ಏರಿಸಿ ಬಗ್ಗಿದರು. ಮನೆಗಳ ಚೌಕದ ಮೇಲೆ ಪೆನ್ನಿಟ್ಟು ಮಾವನನ್ನು ಕೇಳಿದರು, "ಇದು ನಿಮ್ಮ ಪಾಳ್ಯವೇನಾ?"

ಮಾವ ನಕ್ಷೆಯ ಕಡೆ ನೋಡಲೇ ಇಲ್ಲ. ನನ್ನ ಕಡೆಯೂ ನೋಡಲಿಲ್ಲ. "ಅಲ್ಲ ಸ್ವಾಮಿ" ಅಂದ. "ಆ ಹೆಸರಿನ ಪಾಳ್ಯ ಈ ತಾಲ್ಲೂಕ್ನಲ್ಲಿ ಎಷ್ಟೋ ಅವೆ. ನಮ್ಮಕ್ಕನ್ ಮಗಳ್ಗೆ ಗೊತ್ತಾಗಿಲ್ಲ. ಇದು ನಮ್ಮೂರಲ್ಲ."

ನಾನು ಕೂಗಾಡಿದೆ. ಸರ್ವೆ ನಂಬರು ನೋಡಿ, ಕೆರೆ ನೋಡಿ, ಐದು ದಾರಿ ನೋಡಿ ಅಂದೆ. ಆದರೆ ಅರ್ಜಿದಾರನೇ ನನ್ನೂರಲ್ಲ ಎಂದ ಮೇಲೆ ನಕ್ಷೆ ತಂದವಳ ಕೂಗಿಗೆ ಏನು ಬೆಲೆ. ಅಧಿಕಾರಿ ನಕ್ಷೆಯನ್ನು ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟರು. ದೊಡ್ಡಪ್ಪನ ಮಗ ಹೊರಗೆ ಮಾವನ ಹೆಗಲ ಮೇಲೆ ಕೈಹಾಕಿ ಟೀ ಅಂಗಡಿಗೆ ಕರೆದುಕೊಂಡು ಹೋದ. ಮಾವ ಹೋದ. ನನ್ನನ್ನೂ ಕರೆದರು, ನಾನು ಹೋಗದೆ ಬಸ್ಸು ಹತ್ತಿ ಬಂದೆ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಆದದ್ದೆಲ್ಲ ಹೇಳಿದೆ, ಮುತ್ತಾತನ ಹೆಸರನ್ನೂ ಮುಚ್ಚಿಡಲಿಲ್ಲ. ಅವಳ ಮಾನಕ್ಕಾಗಿ ಮಾವ ಹೀಗೆ ಮಾಡಿದ ಎಂದೂ ಹೇಳಿದೆ. ಕೇಳಿ ಅಳಬಹುದು, ತಮ್ಮನ ದೊಡ್ಡ ಮನಸ್ಸಿಗೆ ಕರಗಬಹುದು ಅಂದುಕೊಂಡಿದ್ದೆ.

"ನನ್ ಮಾನ ಅಂತ ಅಂದ್ನಾ?" ಅಂದಳು. "ನನ್ ಕೇಳಿದ್ನಾ?"

ಮಡಚಿದ ನಕ್ಷೆಯನ್ನು ಅವಳ ಮುಂದಿಟ್ಟೆ.

"ಆ ಮನೇಲಿ ನಾನು ತಿಂದಿದ್ದು ಬೈಗುಳ. ಅನ್ನ ಅದರ ಜೊತೆಗೆ ಹಾಕ್ತಿದ್ರು. ಆ ಮನೆ ಮಾನ ಉಳ್ಸಾಕೆ ನನ್ನೂರೇ ಇಲ್ಲ ಅಂದ್ಬುಟ್ನಾ ಇವ್ನು? ಒಂದ್ ಸಲ, ಒಂದೇ ಒಂದ್ ಸಲ, ಎಲ್ಲಾರೂ ಕೂತಿರೋ ಕಡೆ, ಇಲ್ಲಿ ದೀಪ ಇತ್ತು ಅಂತ ಯಾರಾನ ಅನ್ನಲಿ ಅಂತಿದ್ದೆ ಕಣೆ. ಅದೂ ನನ್ ಒಡಹುಟ್ದೋನ್ ಬಾಯಲ್ಲಿ ಬರ್ಲಿ ಅಂತಿದ್ದೆ."

ಅಷ್ಟು ಉದ್ದದ ಮಾತನ್ನು ಅವ್ವ ಅದಕ್ಕೆ ಮುಂಚೆ ಆಡಿದ್ದು ನನಗೆ ನೆನಪಿಲ್ಲ. ಅವತ್ತು ಅವಳು ಊಟ ಮಾಡಲಿಲ್ಲ. ಮಾರನೆಯ ದಿನದಿಂದ ತಮ್ಮನ ಹೆಸರೆತ್ತುವುದನ್ನೂ ಬಿಟ್ಟಳು. ಮಾವ ಫೋನು ಮಾಡಿದರೆ ಮಲಗಿದ್ದಾಳೆ ಅನ್ನು ಎಂದು ಕಣ್ಣು ಬಿಟ್ಟುಕೊಂಡೇ ಹೇಳುತ್ತಿದ್ದಳು. ಗೌರಿ ಹಬ್ಬಕ್ಕೆ ಅವನು ಕಳಿಸಿದ ಬಾಗಿನವನ್ನು ಬಿಚ್ಚದೆ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ಅರ್ಜಿ ವಜಾ ಆಯಿತು, ಪಾಳ್ಯದ ಮನೆಗಳು ಒಂದು ವಾರದಲ್ಲಿ ನೆಲಸಮವಾದವು. ದೊಡ್ಡಪ್ಪನ ಮಗ ಪಾಳ್ಯದವರಿಗೆ ಲೇಔಟಿನ ಹಿಂಬದಿಯಲ್ಲಿ, ಚರಂಡಿ ಹೋಗುವ ಕಡೆ, ಒಂದೊಂದು ಪುಟ್ಟ ನಿವೇಶನ ಕೊಟ್ಟ. ಹಕ್ಕಿನಿಂದಲ್ಲ, ಅವನ ಧರ್ಮಬುದ್ಧಿಯಿಂದ. ಅದಕ್ಕೊಂದು ಸಮಾರಂಭವಾಯಿತು. ಅವನಿಗೆ ಶಾಲು ಹೊದಿಸಿ ಹಾರ ಹಾಕಿದವನು ಮಾವ. ಫೋಟೋ ನನ್ನ ಫೋನಿಗೂ ಬಂತು. ಅದರಲ್ಲಿ ಮಾವ ಎರಡೂ ಕೈ ಜೋಡಿಸಿದ್ದಾನೆ. ಹಸು ಕಟ್ಟಲು ಅಲ್ಲಿ ಜಾಗವಿಲ್ಲ, ಮಾರಿಬಿಟ್ಟ ಎಂದು ಆಮೇಲೆ ತಿಳಿಯಿತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುವುದನ್ನು ಕೇಳಿದ್ದೆ. ನಮ್ಮ ದೊಡ್ಡಪ್ಪನ ಮಗ ಯಾರದೋ ಊರಲ್ಲಿ ಧರ್ಮರಾಯನಾಗಿದ್ದ.

ಲೇಔಟಿಗೆ ಹೆಸರಿಡುವಾಗ ಕೊಳ್ಳುವವರಿಗೆ ಹಳ್ಳಿಯ ಸೊಗಡಿರುವ ಹೆಸರು ಬೇಕು ಎಂದು ಯಾರೋ ಸಲಹೆ ಕೊಟ್ಟರಂತೆ. ಪಾಳ್ಯದ ಪೂರ್ತಿ ಹೆಸರನ್ನೇ ಇಟ್ಟರು, ಹಿಂದೆ ಎನ್‌ಕ್ಲೇವ್ ಎಂದು ಸೇರಿಸಿದರು. ಹೆಣ ಶೃಂಗಾರ ಅರಿಯದು ಅನ್ನುತ್ತಾರೆ, ಇವರು ಶೃಂಗಾರ ಮಾಡಿಯೇ ತೀರಿದರು. ರಸ್ತೆಗೆ ಕಾಣುವಂತೆ ದೊಡ್ಡ ಕಮಾನು ಎದ್ದಿತು. ಇಷ್ಟು ವರ್ಷ ಹುಡುಕಿದರೂ ಸಿಗದಿದ್ದ ಆ ಹೆಸರು ಈಗ ಮೊಬೈಲಿನ ನಕ್ಷೆಯಲ್ಲಿ ಮೊದಲ ಅಕ್ಷರ ಒತ್ತುವಷ್ಟರಲ್ಲಿ ಬರುತ್ತದೆ. ಕೊಂಡವರು ಯಾರೂ ಅಲ್ಲಿ ಮನೆ ಕಟ್ಟಿಲ್ಲ ಇನ್ನೂ. ನಿವೇಶನಗಳಲ್ಲಿ ಹುಲ್ಲು ಬೆಳೆದಿದೆ, ಬೀದಿ ದೀಪಗಳು ಮಾತ್ರ ಹಗಲೂ ಉರಿಯುತ್ತಿರುತ್ತವೆ.

ಮೊನ್ನೆ ಸೋಲೂರಿನಲ್ಲಿ ಹತ್ತಿರದವರ ಮನೆಯ ಬೀಗರೂಟ ಮುಗಿಸಿಕೊಂಡು ನಾನೂ ಅವ್ವನೂ ಬಸ್ಸಿನಲ್ಲಿ ಮಾಗಡಿಗೆ ಬರುತ್ತಿದ್ದೆವು. ಅವ್ವ ಕಿಟಕಿ ಪಕ್ಕ ಕೂತಿದ್ದಳು. ಕಮಾನಿನ ಮುಂದೆ ಬಸ್ಸು ನಿಂತಿತು. ಅಲ್ಲಿ ನಿಲುಗಡೆಯಾಗಿರುವುದು ನಮಗೆ ಗೊತ್ತಿರಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಪಾಳ್ಯದ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕೂಗಿದ. ಇಳಿಯೋರು ಯಾರು, ಬೇಗ ಬನ್ನಿ ಅಂದ. ಆ ಹೆಸರನ್ನು ಹೊರಗಿನವರೊಬ್ಬರು ಹಾಗೆ ಕೂಗಿದ್ದನ್ನು ಅವ್ವ ತನ್ನ ಆಯುಷ್ಯದಲ್ಲಿ ಕೇಳಿರಲಿಲ್ಲ. ಅವಳ ಕೈ ಮುಂದಿನ ಸೀಟಿನ ಕಂಬಿ ಹಿಡಿಯಿತು, ಅರ್ಧ ಎದ್ದೇಬಿಟ್ಟಳು. ಕಂಡಕ್ಟರ್ ಅವಳನ್ನು ನೋಡಿ "ಬಾರವ್ವ, ನಿಂದೇನಾ ಈ ಊರು, ನಿಧಾನಕ್ಕೆ ಇಳಿ" ಎಂದು ಕೈ ಚಾಚಿದ.

ಅವ್ವ ಕಮಾನನ್ನು ನೋಡಿದಳು. ಅದರ ಹಿಂದಿನ ಹುಲ್ಲನ್ನು, ಉರಿಯುತ್ತಿದ್ದ ದೀಪದ ಕಂಬಗಳನ್ನು ನೋಡಿದಳು. ಮತ್ತೆ ಕೂತು ಸೆರಗು ಸರಿಮಾಡಿಕೊಂಡಳು.

"ಆ ಊರಲ್ಲಿ ಯಾರೂ ಇಲ್ಲ ಕಣಪ್ಪ" ಅಂದಳು. "ರೈಟ್ ಯೇಳು."